ದಯವಿಟ್ಟು ನಮ್ಮ ಬೀದಿಗೊಂದು ಪವರ್ ಕಟ್ ಮಂಜೂರು ಮಾಡಿ

ವಿದ್ಯುತ್ ಸರಬರಾಜು ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ನಮ್ಮ ಮನೆಯ ಗೋಡೆಯ ಮೇಲೆ ಹೊಚ್ಚ ಹೊಸ ಬ್ಯಾಟರಿಯೊಂದಿದೆ. ಅದರ ಸ್ವಿಚ್ಚಿನ ಮೇಲೆ ತಮ್ಮ ಕಚೇರಿಯ ಸೀಸದ ಸೀಲಿದೆ. ಸೀಲು ಬಿಚ್ಚಬೇಕಾದರೆ, ಕರೆಂಟು ಹೋದಾಗ ಆ ಬ್ಯಾಟರಿ ಕೆಲಸ ಮಾಡುವುದನ್ನು ತಮ್ಮ ಪರೀಕ್ಷಕರು ಕಣ್ಣಾರೆ ಕಾಣಬೇಕು. ಕಾಣಬೇಕಾದರೆ ಕರೆಂಟು ಹೋಗಬೇಕು. ಆದರೆ ತಮ್ಮ ದಾಖಲೆಯ ಪ್ರಕಾರ ನಮ್ಮ ಬೀದಿಯಲ್ಲಿ ಕರೆಂಟು ಹೋಗುವುದೇ ಇಲ್ಲ. ಹೋಗದ ಕರೆಂಟಿಗೆ ಬ್ಯಾಟರಿ ಏಕೆ ಎಂದು ಕೇಳಿ, ಕಳೆದ ವಾರ ತಾವು ನನ್ನ ಅರ್ಜಿಯನ್ನು ತಿರಸ್ಕರಿಸಿದ್ದೀರಿ. ಕರೆಂಟು ಕೊಡಿ ಎಂದು ತಮ್ಮನ್ನು ಬೇಡುವವರು ಊರ ತುಂಬ ಇದ್ದಾರೆ. ತೆಗೆಯಿರಿ, ಆದರೆ ತೆಗೆದಿದ್ದೇವೆ ಎಂದು ಒಪ್ಪಿಕೊಳ್ಳಿ ಎಂದು ಬೇಡುತ್ತಿರುವವಳು ಬಹುಶಃ ನಾನೊಬ್ಬಳೇ.

ನಾನು ಹಲ್ಲಿನ ಸೆಟ್ ಮಾಡುವವಳು. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ನಾನು ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಮೇಣದಲ್ಲಿ ವಸಡು ತಿದ್ದಿ, ಹಲ್ಲು ಜೋಡಿಸಿ, ಅಚ್ಚಿಗೆ ಹಾಕಿ, ಬೇಯಿಸಿ, ಪಾಲಿಶ್ ಮಾಡಿ ಕೊಡುತ್ತೇನೆ. ನನ್ನ ಶೆಲ್ಫಿನ ಮೇಲೆ ಊರಿನ ಅರ್ಧ ಹಿರಿಯರ ದವಡೆಗಳು ಪ್ಲಾಸ್ಟರಿನಲ್ಲಿ ಬಾಯಿ ತೆರೆದುಕೊಂಡು ಕುಳಿತಿವೆ. ಇದರಲ್ಲಿ ಬೇಯಿಸುವ ಕೆಲಸವೇ ಈ ಪತ್ರಕ್ಕೆ ಮೂಲ. ಅಚ್ಚನ್ನು ಬಿಸಿನೀರಿನ ತೊಟ್ಟಿಯಲ್ಲಿಟ್ಟು ಹದವಾದ ಶಾಖದಲ್ಲಿ ಬಹಳ ಹೊತ್ತು ಬಿಡಬೇಕು. ನಡುವೆ ಕರೆಂಟು ಹೋಗಿ ನೀರು ಆರಿ, ಮತ್ತೆ ಬಂದು ಏಕಾಏಕಿ ಕುದಿಯಿತೋ, ಗುಲಾಬಿ ಬಣ್ಣದ ವಸಡಿನ ತುಂಬ ಗುಳ್ಳೆ ಏಳುತ್ತದೆ. ಅಂಥದ್ದನ್ನು ಬಾಯಿಗಿಟ್ಟುಕೊಂಡರೆ ಸ್ಪಂಜು ಕಚ್ಚಿಕೊಂಡ ಹಾಗೆ. ಗ್ಯಾಸ್ ಒಲೆಯ ಮೇಲೆ ಇಡಬಾರದಿತ್ತೇ ಎಂದು ತಾವು ಕೇಳಬಹುದು. ಇಟ್ಟಿದ್ದೆ. ಶಾಖದ ಹದ ಸಿಗಲಿಲ್ಲ ಎನ್ನುವುದು ಆಮೇಲಿನ ಮಾತು. ಅಡುಗೆಮನೆಗೆ ಬಂದ ನಮ್ಮ ಅತ್ತೆ ಮುಚ್ಚಳ ತೆಗೆದು ನೋಡಿ, "ಯಾರದ್ದೇ ಇದು?" ಎಂದು ಕೇಳಿದ ದನಿಯನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಆ ಪಾತ್ರೆ ಇಂದು ಹಿತ್ತಲಲ್ಲಿದೆ. ಅದರಲ್ಲಿ ಗಿಡ ನೆಟ್ಟಿದ್ದೇವೆ.

ಚಾವಣಿಯ ಮೇಲೆ ಸೋಲಾರ್ ಹಲಗೆಗಳು ಬಂದು ಕೆಲವು ವರ್ಷಗಳಾದವು. ಹಾಕಿದವನು ನನ್ನ ಸ್ವಂತ ತಮ್ಮ. ಅದೇ ಅವನ ಕಸುಬಾದ್ದರಿಂದ ಬೀದಿಯವರು ಅವನನ್ನು ಬಿಸಿಲಪ್ಪ ಎಂದೇ ಕರೆಯುತ್ತಾರೆ. ನಮಗೂ ಈಗ ಅದೇ ಹೆಸರು ಬಾಯಿಗೆ ಬರುತ್ತದೆ. ಹಲಗೆ ಹಾಕಿದ ಮೊದಲ ವಾರವೇ ನಡುಮಧ್ಯಾಹ್ನ ಕರೆಂಟು ಹೋಯಿತು. ತಲೆ ಸುಡುವ ಬಿಸಿಲು, ಆದರೂ ಮನೆಯಲ್ಲಿ ಫ್ಯಾನು ನಿಂತಿತು.

"ಏನೋ ಬಿಸಿಲಪ್ಪಾ, ಸೂರ್ಯನ ಕರೆಂಟೂ ಹೋಗುತ್ತೇನೋ?" ಎಂದರು ಅತ್ತೆ.

"ಲೈನ್ ಸತ್ತಾಗ ನಮ್ಮ ಕರೆಂಟೂ ನಿಲ್ಲಲೇಬೇಕು, ಅತ್ತೆ. ಇಲ್ದಿದ್ರೆ ಅದು ತಂತಿಗೆ ಹೋಗಿ, ರಿಪೇರಿಗೆ ಅಂತ ಕಂಬ ಹತ್ತಿದವನಿಗೆ ಹೊಡೆಯುತ್ತೆ."

ಇದು ನ್ಯಾಯವಾದ ಮಾತು. ಕಂಬದ ಮೇಲಿರುವವನು ಯಾರದೋ ಮನೆಯ ಮಗ. ಆ ನಿಯಮದ ಬಗ್ಗೆ ನನ್ನ ತಕರಾರು ಖಂಡಿತ ಇಲ್ಲ. ಆದರೆ ಅಂದಿನಿಂದ ಕರೆಂಟು ಹೋದಾಗಲೆಲ್ಲ ಅತ್ತೆ ಅಂಗಳಕ್ಕೆ ಬಂದು, ಹೊಳೆಯುತ್ತಾ ಸುಮ್ಮನೆ ಬಿದ್ದಿರುವ ಆ ಹಲಗೆಗಳನ್ನು, ಕೆಲಸವಿಲ್ಲದೆ ಉಂಡು ಮಲಗಿದ ಅಳಿಯನನ್ನು ನೋಡುವ ಹಾಗೆ ನೋಡುತ್ತಿದ್ದರು. ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಹಲ್ಲು ಮಾಡುವವಳ ಮನೆಯಲ್ಲೇ ಅನುಭವಿಸುವ ಯೋಗ ನಮ್ಮದಾಯಿತು.

ಹೇಗೋ ಕಾಲ ತಳ್ಳುತ್ತಿದ್ದೆವು. ಅಷ್ಟರಲ್ಲಿ ಹರಾಜಣ್ಣನವರು ಬಂದರು. ಹಳೆಯ ಪೀಠೋಪಕರಣಗಳ ಹರಾಜು ಕೂಗುವುದು ಅವರ ವೃತ್ತಿ. ಅವರ ಕಂಠ ಎಂಥದ್ದೆಂದರೆ, ಮೂರು ಕಾಲಿನ ಮೇಜನ್ನು ಕೂಡ ನಾಲ್ಕನೆಯ ಕಾಲು ಅನಗತ್ಯ ಎಂದು ನಂಬಿಸಿ ಮಾರಿಬಿಡುತ್ತಿದ್ದರು. ಉಳಿದಿದ್ದ ಹಲ್ಲುಗಳನ್ನೆಲ್ಲ ವೈದ್ಯರು ಕಿತ್ತು, ಹೊಸ ಸೆಟ್ಟಿಗೆ ನನ್ನ ಬಳಿ ಅಳತೆ ಕಳಿಸಿದ್ದರು. ಮೊದಲನೆಯ ಸೆಟ್ ಬೇಯುವಾಗ ಕರೆಂಟು ಹೋಯಿತು. ಎರಡನೆಯದು ಬೇಯುವಾಗಲೂ ಹೋಯಿತು. ಕೊನೆಗೆ ಅವರೇ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದುಕೊಂಡು ಮನೆಗೆ ಬಂದರು.

"ತಂಗೀ, ನಿನ್ನೆ 'ಹೊಗಹಾದ ಹೋಫಾ ಹೆಟ್ಟು' ಅಂತ ಕೂಗಿದೆ. ಜನ ಬಿದ್ದೂ ಬಿದ್ದೂ ನಕ್ಕರೇ ಹೊರತು ಒಬ್ಬರೂ ಕೈ ಎತ್ತಲಿಲ್ಲ."

ಸೊಗಸಾದ ಸೋಫಾ ಸೆಟ್ ಎಂದು ಅರ್ಥವಾಗಲು ನನಗೂ ಒಂದು ಗಳಿಗೆ ಹಿಡಿಯಿತು. ನನಗೂ ನಗು ಬಂತು, ತಡೆದುಕೊಂಡೆ.

"ಊಟ ಬೇಕಾದ್ರೆ ಗಂಜಿ ಕುಡಿದು ಮಾಡ್ತೀನಿ. ಆದ್ರೆ ಈ 'ಹ' ಇಲ್ದೆ ಹೇಗೆ ಬದುಕ್ಲಿ ಹೇಳು? ಒಂದು ಹಲ, ಎರಡು ಹಲ, ಮೂರು ಹಲ... ಹೀಗೆ ಕೂಗಿದ್ರೆ ಯಾರು ನಂಬ್ತಾರೆ? ಮಾಲೀಕರು ಈ ತಿಂಗಳು ನೋಡ್ತೀನಿ ಅಂದಿದ್ದಾರೆ. ಆಮೇಲೆ ಬೇರೆಯವನನ್ನ ಕರೀತಾರಂತೆ. ಅವನಿಗೆ ಹಲ್ಲಿದೆ, ತಂಗಿ. ಆದ್ರೆ ಮಂಚ ಯಾವುದು ಬೆಂಚು ಯಾವುದು ಗೊತ್ತಿಲ್ಲ!"

ಅವರ ಕಣ್ಣಲ್ಲಿ ನೀರಿತ್ತು. ಜೀವಮಾನವಿಡೀ ದೊಡ್ಡ ದನಿಯಲ್ಲಿ ಬದುಕಿದ ಮನುಷ್ಯ ನನ್ನ ಮುಂದೆ ಪಿಸುಗುಟ್ಟುತ್ತಾ ಕುಳಿತಿದ್ದರು. ಅವರನ್ನು ಗೇಟಿನವರೆಗೆ ಬಿಟ್ಟು ಬಂದವಳೇ ಬಿಸಿಲಪ್ಪನಿಗೆ ಫೋನು ಮಾಡಿ, ಬ್ಯಾಟರಿ ತಂದು ಹಾಕು ಎಂದೆ.

ಅವನು ಹಳೆಯ ಇನ್ವರ್ಟರ್ ಇಳಿಸಿ ಹೊಸದನ್ನು ಏರಿಸಿದ. ಪಡಸಾಲೆಯ ಗೋಡೆಗೆ ಬ್ಯಾಟರಿ ಕೂರಿಸಿದ. ಇನ್ನು ಲೈನು ಸತ್ತರೆ ಇದು ತಂತಿಯ ಸಂಬಂಧ ಕಡಿದುಕೊಂಡು, ಮನೆಯನ್ನು ಮಾತ್ರ ನೋಡಿಕೊಳ್ಳುತ್ತದೆ, ಕಂಬದ ಮೇಲಿನವನಿಗೂ ಅಪಾಯವಿಲ್ಲ ಎಂದು ವಿವರಿಸಿದ. "ಅಂದ್ರೆ ಬೇರೆ ಮನೆ ಮಾಡಿದ ಮಗನ ಹಾಗೆ," ಎಂದು ಅತ್ತೆ ಅರ್ಥ ಮಾಡಿಕೊಂಡರು. ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ತಮ್ಮ ಕಚೇರಿಯಿಂದ ಒಬ್ಬರು ಬಂದು, ಪರೀಕ್ಷೆ ಆಗುವವರೆಗೆ ಮುಟ್ಟಬೇಡಿ ಎಂದು ಸ್ವಿಚ್ಚಿಗೆ ಸೀಲು ಬಿಗಿದು ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ಹೇಳಿದರೆ ಹರಾಜಣ್ಣನವರು ನೊಂದುಕೊಂಡಾರೆಂದು ಸುಮ್ಮನಾದೆ.

ಕೆಲವು ದಿನಗಳ ಮೇಲೆ ಪರೀಕ್ಷಕರು ಬಂದರು. ಕಚೇರಿಯ ನೀಲಿ ಅಂಗಿ, ಎದೆಯ ಮೇಲೆ ಬಿಲ್ಲೆ, ಕಂಕುಳಲ್ಲಿ ಹೆಲ್ಮೆಟ್ಟು. ಸಾಧು ಮನುಷ್ಯ, ಅದರಲ್ಲಿ ಸಂಶಯವಿಲ್ಲ. ಸೀಲು ಬಿಚ್ಚಿ, ಸ್ವಿಚ್ಚು ಹಾಕಿ, ಕುರ್ಚಿ ಎಳೆದುಕೊಂಡು ಬ್ಯಾಟರಿಯ ಎದುರು ಕುಳಿತರು. ಕುಳಿತೇ ಇದ್ದರು.

"ಸಾರ್, ಪರೀಕ್ಷೆ?" ಎಂದ ಬಿಸಿಲಪ್ಪ.

"ಇದೇ ಪರೀಕ್ಷೆ. ಕರೆಂಟ್ ಹೋಗ್ಲಿ ಅಂತ ಕಾಯ್ತಾ ಇದೀನಿ."

"ಅದಕ್ಯಾಕೆ ಕಾಯ್ಬೇಕು? ಮೇನ್ ಸ್ವಿಚ್ ಆಫ್ ಮಾಡಿದ್ರೆ ಆಯ್ತಲ್ಲ?"

"ನೀವು ಆಫ್ ಮಾಡಿದ್ರೆ ಅದು ಗ್ರಾಹಕರ ಕೃತ್ಯ. ನಿಯಮದಲ್ಲಿ 'ಸ್ವಾಭಾವಿಕ ನಿಲುಗಡೆ' ಅಂತಿದೆ. ಅದು ತಾನಾಗಿಯೇ ಹೋಗ್ಬೇಕು."

"ಮನುಷ್ಯರು ಹೋಗೋ ಹಾಗಾ?" ಎಂದು ಅತ್ತೆ ಕೇಳಿದರು.

"ಹೆಚ್ಚೂಕಡಿಮೆ ಹಾಗೇನೇ ಅಮ್ಮಾ."

"ಹಾಗಾದ್ರೆ ನಿಮ್ಮ ಆಫೀಸಿಗೇ ಹೇಳಿ ಒಂದು ಗಳಿಗೆ ತೆಗೆಸಿಬಿಡಪ್ಪಾ."

"ಆಫೀಸಿನವರು ತೆಗೆದ್ರೆ ಅದು 'ಯೋಜಿತ ನಿಲುಗಡೆ'. ಅದೂ ಅಲ್ದೆ ನಿಮ್ಮದು ನಿರಂತರ ವಿದ್ಯುತ್ ವಲಯ. ಇಲ್ಲಿ ತೆಗೆಯೋ ಹಾಗೇ ಇಲ್ಲ."

ನಿರಂತರ ವಿದ್ಯುತ್ ವಲಯ! ಆ ಫಲಕ ನಮ್ಮ ಬೀದಿಯ ಮೂಲೆಯ ಕಂಬದ ಮೇಲಿರುವುದು ನಿಜ. ಸಂಜೆ ಕತ್ತಲಾದ ಮೇಲೆ ಅದನ್ನು ಓದಲು ಟಾರ್ಚು ಬೇಕು ಎನ್ನುವುದೂ ನಿಜ.

ಅಂದು ಕರೆಂಟು ಹೋಗಲಿಲ್ಲ. ಪರೀಕ್ಷಕರು ಮತ್ತೊಂದು ದಿನ ಬಂದರು, ಮಗದೊಂದು ದಿನ ಬಂದರು. ಅವರು ಕುಳಿತಿರುವಷ್ಟು ಹೊತ್ತು ಬಲ್ಬು ಒಮ್ಮೆ ಮಿಟುಕಲೂ ಇಲ್ಲ. ಅತ್ತೆ ಇಸ್ಪೀಟಿನ ಕಟ್ಟು ತೆಗೆದರು. ಇಬ್ಬರಿಗೂ ಜೋಡಿ ಚೆನ್ನಾಗಿ ಕೂಡಿಬಂತು. ಅತ್ತೆ ಮೋಸ ಮಾಡುತ್ತಾರೆ, ಅವರು ನೋಡಿಯೂ ನೋಡದಂತೆ ಇರುತ್ತಾರೆ. ಕಚೇರಿಯಲ್ಲಿ ಕಲಿತ ವಿದ್ಯೆ ಇರಬೇಕು. ನನ್ನ ಗಂಡ ಶಾಲೆಯ ಬಸ್ಸು ಓಡಿಸುತ್ತಾರೆ. ಮಧ್ಯಾಹ್ನ ಊಟಕ್ಕೆ ಬಂದವರು ಬಾಗಿಲಲ್ಲೇ, "ಹೋಯ್ತಾ?" ಎಂದು ಕೇಳುವರು. "ಇಲ್ಲ, ಇದೆ," ಎಂದು ನಾವು ಮುಖ ಬಾಡಿಸಿಕೊಂಡು ಹೇಳುವೆವು. ಆಸ್ಪತ್ರೆಯ ಹೊರಗೆ ಕುಳಿತವರು ಇದೇ ಮಾತನ್ನು ಸಂತೋಷದಿಂದ ಆಡಿಕೊಳ್ಳುತ್ತಾರೆ.

ಸಂಜೆ ಕಚೇರಿಯ ಹೊತ್ತು ಮುಗಿಯುತ್ತಲೇ ಪರೀಕ್ಷಕರು ಮತ್ತೆ ಸೀಲು ಬಿಗಿದು, ಹೆಲ್ಮೆಟ್ಟು ಹಾಕಿ ಹೊರಡುತ್ತಿದ್ದರು. ಅವರ ಬೈಕು ಹಿಟ್ಟಿನ ಗಿರಣಿಯ ಮೂಲೆ ತಿರುಗುವುದೇ ತಡ, ಗಿರಣಿಯ ಸದ್ದು ಗಂಟಲು ಕಟ್ಟಿದಂತೆ ಇಳಿದು ನಿಲ್ಲುವುದು, ಬೀದಿಯಿಡೀ ಕತ್ತಲು. ಒಮ್ಮೆ ಬಿಸಿಲಪ್ಪ ಅವರ ಹಿಂದೆಯೇ ಓಡಿ ಕೂಗಿ ಕರೆದ. ಪಾಪ, ಅವರೂ ಬೈಕು ತಿರುಗಿಸಿಕೊಂಡು ಬಿರಬಿರನೆ ಬಂದರು. ಮುಂದಿನ ಚಕ್ರ ನಮ್ಮ ಗೇಟು ಮುಟ್ಟಿತು. ಬೀದಿಯ ದೀಪಗಳೆಲ್ಲ ಒಟ್ಟಿಗೇ ಹೊತ್ತಿಕೊಂಡವು.

"ಇದೆಯಲ್ಲ?" ಎಂದರು, ಏದುಸಿರು ಬಿಡುತ್ತಾ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಾನು ಸಮಾಧಾನ ಮಾಡಿಕೊಂಡೆ. ಆದರೆ ಇದೇ ಕಾಗೆ ದಿನವೂ ಬಂದು, ಇದೇ ಕೊಂಬೆ ದಿನವೂ ಮುರಿದರೆ ಜನ ಸುಮ್ಮನಿರುತ್ತಾರೆಯೇ? ಮರುದಿನ ಬೆಳಗ್ಗೆಯೇ ಗಿರಣಿಯವನು ಬಾಗಿಲಲ್ಲಿ ನಿಂತಿದ್ದ.

"ಅಕ್ಕಾ, ಒಂದು ಉಪಕಾರ ಆಗ್ಬೇಕು. ಆ ಕರೆಂಟ್ ಸಾಹೇಬ್ರನ್ನ ಇವತ್ತು ಸ್ವಲ್ಪ ಹೊತ್ತು ನಮ್ಮ ಗಿರಣಿಯಲ್ಲಿ ಕೂರಿಸ್ತೀರಾ? ಹಿಟ್ಟು ಬೀಸೋದು ಬೆಟ್ಟದಷ್ಟು ಬಿದ್ದಿದೆ."

"ಅವರೇನು ಎರವಲು ಕೊಡೋ ಒನಕೆಯೇನೋ?" ಎಂದೆ. ಆದರೂ ಅವನು ಪರೀಕ್ಷಕರನ್ನು ಊಟದ ಮೇಲೆ ಅಡ್ಡಾಡಿ ಬರೋಣ ಎಂದು ಕರೆದೊಯ್ದು, ಗಿರಣಿಯಲ್ಲಿ ಕೂರಿಸಿ, ತಲೆಯ ತುಂಬ ಹಿಟ್ಟಿನೊಡನೆ ವಾಪಸು ಕಳಿಸಿದ. ಆಮೇಲೆ ಸಲೂನಿನವನು ಕರೆದ. ಅರ್ಧ ಬೋಳಿಸಿದ ಗಡ್ಡದೊಂದಿಗೆ ಗಿರಾಕಿ ಕತ್ತಲಲ್ಲಿ ಕೂರುವುದು ತಪ್ಪುತ್ತದಲ್ಲ! ಪರೀಕ್ಷಕರು ಕಾಸು ಕೊಡದೆ ಏನನ್ನೂ ಮಾಡಿಸಿಕೊಳ್ಳುವವರಲ್ಲ, ಯಾರಿಗೂ ಇಲ್ಲ ಎನ್ನುವವರೂ ಅಲ್ಲ. ಕೂದಲು ಕತ್ತರಿಸಿಕೊಂಡೇ ಕತ್ತರಿಸಿಕೊಂಡು, ಕೊನೆಗೆ ಕತ್ತರಿಗೆ ಸಿಗುವಂಥದ್ದೇನೂ ಅವರ ತಲೆಯ ಮೇಲೆ ಉಳಿಯಲಿಲ್ಲ.

ಆಗ ನನಗೆ ಹೊಳೆಯಿತು. ಬ್ಯಾಟರಿ ಮಲಗಿದ್ದರೇನಂತೆ, ಪರೀಕ್ಷಕರು ಎಚ್ಚರವಾಗಿದ್ದಾರಲ್ಲ? ಮರುದಿನ ಅವರು ಬಂದು ಕುಳಿತದ್ದೇ, ಹರಾಜಣ್ಣನವರ ಮೂರನೆಯ ಅಚ್ಚನ್ನು ತೊಟ್ಟಿಗೆ ಇಳಿಸಿದೆ.

"ಸಾರ್, ಇದು ಬೆಂದು ಇಳಿಯೋವರೆಗೆ ದಯವಿಟ್ಟು ಏಳ್ಬೇಡಿ."

"ಏನದು ಮೇಡಂ, ಅಡುಗೆನಾ?"

"ಹಲ್ಲು."

ಅವರು ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿಕೊಂಡರು, ಆದರೆ ಏಳಲಿಲ್ಲ. ನಡುವೆ ಒಮ್ಮೆ ಫೋನು ಬಂತೆಂದು ಮಾತಾಡುತ್ತಾ ಗೇಟಿನತ್ತ ನಡೆದರು. ಬಲ್ಬು ಸಣ್ಣಗೆ ಕೆಂಪಾಯಿತು. ಕರೆಂಟು ಪೂರ್ತಿ ಹೋಗದಿದ್ದರೆ ಬ್ಯಾಟರಿ ಏಳುವುದಿಲ್ಲ, ತೊಟ್ಟಿಯ ನೀರು ಮಾತ್ರ ಆರುತ್ತದೆ. ನಾನು, ಅತ್ತೆ, ಬಿಸಿಲಪ್ಪ, ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ ಹರಾಜಣ್ಣನವರು, ಎಲ್ಲರೂ ಒಂದೇ ದನಿಯಲ್ಲಿ, "ಸಾರ್!" ಎಂದು ಕಿರುಚಿದೆವು. ಹರಾಜಣ್ಣನವರದ್ದು "ಹಾರ್" ಎಂದಿತ್ತು. ಪರೀಕ್ಷಕರು ಹೆದರಿ ಓಡಿ ಬಂದು ಕುಳಿತರು. ಬಲ್ಬು ಬೆಳ್ಳಗಾಯಿತು.

ಸೆಟ್ಟು ಬಂತು ನೋಡಿ! ಒಂದು ಗುಳ್ಳೆ ಇಲ್ಲ, ಒಂದು ಬಿರುಕಿಲ್ಲ. ಪಾಲಿಶ್ ಹಿಡಿದು, ತೊಳೆದು, ಹರಾಜಣ್ಣನವರ ಕೈಗಿಟ್ಟೆ. ಅವರು ಗೋಡೆಯ ಕಡೆ ತಿರುಗಿ ಬಾಯಿಗಿಟ್ಟುಕೊಂಡರು. ಅವರ ಬೆನ್ನು ಅಲುಗುತ್ತಿತ್ತು. ಆಮೇಲೆ ನಮ್ಮ ಕಡೆ ತಿರುಗಿ, ಮೆಲ್ಲಗೆ, ಬಿಸಿ ಹಾಲು ತುಟಿಗೆ ತಾಗಿಸಿ ನೋಡುವವರಂತೆ, "ಸ..." ಎಂದರು. ಮತ್ತೆ, "ಸಾ... ಸಿ... ಸೀ..." ಎಂದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟೇ, ಹರಾಜಣ್ಣನವರಿಗೆ ಮೈಮೇಲೆ ಬಂದಂತಾಯಿತು. ಪರೀಕ್ಷಕರು ಕುಳಿತಿದ್ದ ಕುರ್ಚಿಯ ಬೆನ್ನಿಗೆ ಕೈ ಬಡಿದು ಕೂಗಿದರು:

"ಸೊಗಸಾದ, ಸದೃಢವಾದ, ಸಾಗುವಾನಿ ಕುರ್ಚಿ! ಕೂತಿರೋ ಸಾಹೇಬ್ರ ಸಮೇತ! ಒಂದು ಸಲ!"

ಸದ್ದಿಗೆ ಬೀದಿಯೇ ಬಂದು ಕಿಟಕಿಯಲ್ಲಿ ನಿಂತಿತು. ಗಿರಣಿಯವನು ಕೈ ಎತ್ತಿದ. ಸಲೂನಿನವನು ಅವನಿಗಿಂತ ಮೇಲಕ್ಕೆ ಎತ್ತಿದ. "ಎರಡು ಸಲ!" ಎನ್ನುವಾಗ ಪರೀಕ್ಷಕರು ಎದ್ದು ನಿಂತು, "ನಾನು ಸರ್ಕಾರಿ ನೌಕರ ಸ್ವಾಮೀ, ನನ್ನನ್ನ ಹೀಗೆಲ್ಲ ಮಾರೋ ಹಾಗಿಲ್ಲ," ಎಂದು ಕೈ ಮುಗಿದರು. "ಅಯ್ಯೋ ಕೂತ್ಕೊಳ್ಳಿ, ಗಿರಣಿ ನಿಂತೀತು!" ಎಂದು ಕಿಟಕಿಯಿಂದ ಯಾರೋ ಕೂಗಿದರು. ಹರಾಜಣ್ಣನವರು ಮರುದಿನ ಕೆಲಸಕ್ಕೆ ಹೋದರು. ಆ ಸೋಫಾ ಸೆಟ್ಟು ಅಂದೇ ಮಾರಾಟವಾಯಿತಂತೆ.

ಮಾನ್ಯರೇ, ಈ ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ತಮಗೆ ಧನ್ಯವಾದದ ಪತ್ರ ಬರೆಯುತ್ತಿದ್ದೆ. ಆದರೆ ಆಮೇಲಿನ ಭೇಟಿಯಲ್ಲಿ, ಇಸ್ಪೀಟಿನ ಎಲೆ ಹಂಚುವ ಭರದಲ್ಲಿ ಅತ್ತೆಯ ಕೈ ತಾಗಿ ಕಾಫಿ ಚೆಲ್ಲಿತು. ಪರೀಕ್ಷಕರ ನೀಲಿ ಅಂಗಿ ಹಾಳಾಯಿತು. ನಾನು ಅದನ್ನು ತೊಳೆದು ಹಿತ್ತಲ ತಂತಿಗೆ ಹಾಕಿ, ಅವರಿಗೆ ನನ್ನ ಗಂಡನದೊಂದು ಚೌಕಳಿ ಅಂಗಿ ಕೊಟ್ಟೆ. ಅವರು ಅದರ ಗುಂಡಿ ಹಾಕಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಗಿರಣಿಯ ಸದ್ದು ಇಳಿಯಿತು. ಬೀದಿಯುದ್ದಕ್ಕೂ ಜನ "ಹೋಯ್ತೂ!" ಎಂದು ರಾಗ ಎಳೆದರು.

ನಮ್ಮ ಮನೆಯಲ್ಲಿ ಫ್ಯಾನು ತಿರುಗುತ್ತಲೇ ಇತ್ತು. ದೀಪ ಉರಿಯುತ್ತಲೇ ಇತ್ತು. ಬ್ಯಾಟರಿ ಎಷ್ಟು ನಾಜೂಕಾಗಿ ಕೆಲಸಕ್ಕೆ ಇಳಿದಿತ್ತೆಂದರೆ, ಮಲಗಿದ ಮಗುವನ್ನು ಒಬ್ಬರ ಮಡಿಲಿಂದ ಇನ್ನೊಬ್ಬರ ಮಡಿಲಿಗೆ ದಾಟಿಸಿದಂತೆ. ಬಿಸಿಲಪ್ಪ ಎದ್ದು ಕುಣಿದುಬಿಟ್ಟ.

"ನೋಡಿದ್ರಾ ಸಾರ್! ಕರೆಂಟ್ ಹೋಯ್ತು!"

ಪರೀಕ್ಷಕರು ತಲೆಯೆತ್ತಿ ಬಲ್ಬು ನೋಡಿದರು. "ಎಲ್ಲಿ ಹೋಯ್ತು? ಉರೀತಾ ಇದೆಯಲ್ಲ?"

"ಅದು ಬ್ಯಾಟರಿಯಿಂದ ಸಾರ್!"

"ಇರ್ಬಹುದು. ಆದ್ರೆ ನಾನು ಕಂಡಿದ್ದನ್ನೇ ಬರೀಬೇಕು. ದೀಪ ಆರಿದ್ದನ್ನ ನಾನು ಕಾಣ್ಲಿಲ್ಲ."

"ಆರಬಾರದು ಅಂತಾನೇ ಅಲ್ವಾ ಬ್ಯಾಟರಿ ಹಾಕಿರೋದು!"

"ಆರದೇ ಇದ್ರೆ ಕರೆಂಟ್ ಹೋಯ್ತು ಅಂತ ಹೇಗಪ್ಪಾ ಬರೀಲಿ?"

ಇನ್ವರ್ಟರಿನ ಪರದೆ ತೋರಿಸಿದೆವು. ಲೈನ್ ಇಲ್ಲ ಎಂದು ಅದು ಕೆಂಪಾಗಿ ಕೂಗುತ್ತಿತ್ತು. ಅದು ನಿಮ್ಮ ಯಂತ್ರ, ನಿಮ್ಮ ಪರವಾಗಿಯೇ ಹೇಳುತ್ತದೆ ಎಂದರು. ಕಿಟಕಿಯಿಂದ ಎದುರು ಮನೆಯ ಕತ್ತಲು ತೋರಿಸಿದೆವು. ಅವರು ಮಿತವ್ಯಯಿಗಳಿರಬಹುದು ಎಂದರು. ಕೊನೆಗೆ, ಗಿರಣಿಗೇ ಹೋಗಿ ಕಣ್ಣಾರೆ ನೋಡುತ್ತೇನೆ ಎಂದು ಒಪ್ಪಿದರು. ಆದರೆ ಕರ್ತವ್ಯದ ಮೇಲೆ ಹೊರಗೆ ಹೋಗುವಾಗ ಚೌಕಳಿ ಅಂಗಿ ಹೇಗೆ? ಹಿತ್ತಲಿಗೆ ಹೋಗಿ, ನೀರು ತೊಟ್ಟಿಕ್ಕುತ್ತಿದ್ದ ನೀಲಿ ಅಂಗಿಯನ್ನೇ ತೊಟ್ಟುಕೊಂಡು, ಗಿರಣಿಯ ಹೊಸಿಲಿನ ಮೇಲೆ ಕಾಲಿಟ್ಟರು.

ಮುಂದಿನದ್ದನ್ನು ನಾನು ಹೇಳಬೇಕೇ? ಗಿರಣಿ ಗುರ್ ಎಂದು ಶುರುವಾಯಿತು.

ಅವರು ವಾಪಸು ಬಂದು, ನಿಟ್ಟುಸಿರು ಬಿಟ್ಟು, ಸೀಲು ಬಿಗಿದರು. ಅದರ ಫಲವೇ ತಮ್ಮ ಆದೇಶ: "ಪರೀಕ್ಷಾ ಅವಧಿಯಲ್ಲಿ ವಿದ್ಯುತ್ ನಿಲುಗಡೆ ಸಂಭವಿಸಿರುವುದಿಲ್ಲ. ಸದರಿ ವಲಯದಲ್ಲಿ ನಿಲುಗಡೆಯ ಇತಿಹಾಸವೂ ಇರುವುದಿಲ್ಲ. ಆದಕಾರಣ ಬ್ಯಾಟರಿಯ ಅಗತ್ಯ ಕಂಡುಬರುವುದಿಲ್ಲ." ಎಂಥ ಗಂಭೀರ ಗದ್ಯ! ಅಗತ್ಯ ಕಂಡುಬರುವುದಿಲ್ಲವಂತೆ. ಸ್ವಾಮೀ, ತಮ್ಮ ಕಚೇರಿಯ ನೆಲಮಾಳಿಗೆಯಲ್ಲಿ ಗುಡುಗುಡಿಸುವ ಆ ಡೀಸೆಲ್ ಜನರೇಟರು ಯಾವ ಅಗತ್ಯಕ್ಕೆ? ಅದನ್ನು ಯಾರು, ಯಾವ ಸ್ವಾಭಾವಿಕ ನಿಲುಗಡೆಯಲ್ಲಿ ಪರೀಕ್ಷಿಸಿದರು? ನಮ್ಮಲ್ಲಿ ಕರೆಂಟು ಹೋಗುವುದೇ ಇಲ್ಲವಾದರೆ, ದಿನವೂ ಸಂಜೆ ಬೀದಿಯ ಮಕ್ಕಳು ಚಪ್ಪಾಳೆ ತಟ್ಟಿ "ಬಂತೂ!" ಎಂದು ಕೂಗುವುದು ಯಾವುದನ್ನು ಕಂಡು? ಹೋಗದೇ ಇರುವುದು ಬರುವುದಾದರೂ ಹೇಗೆ? ಬ್ಯಾಟರಿ ಕೆಟ್ಟಿದ್ದರೆ ದೀಪ ಆರುತ್ತಿತ್ತು, ಪವರ್ ಕಟ್ಟು ಸಾಬೀತಾಗುತ್ತಿತ್ತು, ಬ್ಯಾಟರಿ ನಪಾಸಾಗುತ್ತಿತ್ತು. ಬ್ಯಾಟರಿ ಚೆನ್ನಾಗಿದೆ, ದೀಪ ಆರಲಿಲ್ಲ, ಕಟ್ಟು ಸಾಬೀತಾಗಲಿಲ್ಲ, ಆಗಲೂ ನಪಾಸು. ಕೊಡೆ ಹಿಡಿಯಬೇಕಾದರೆ ಮೊದಲು ಅದರ ಕೆಳಗೆ ನಿಂತು ನೆಂದು ತೋರಿಸು ಎನ್ನುವ ಈ ನ್ಯಾಯವನ್ನು ಬರೆದ ಪುಣ್ಯಾತ್ಮರು ಯಾರು? ಅವರ ಹಲ್ಲಿನ ಅಳತೆ ಯಾವತ್ತಾದರೂ ನನ್ನ ಬಳಿ ಬಂದೀತೆಂದು ಕಾಯುತ್ತಿದ್ದೇನೆ.

ತಮ್ಮ ಪರೀಕ್ಷಕರ ಮೇಲೆ ನನಗೆ ಕೋಪವಿಲ್ಲ. ಅದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ. ಕಳೆದ ಭಾನುವಾರ ಅವರು ಮತ್ತೆ ಬಂದರು. ಪರೀಕ್ಷೆಗಲ್ಲ, ಅತ್ತೆಯ ಜೊತೆ ಆಟ ಅರ್ಧಕ್ಕೆ ನಿಂತಿತ್ತಂತೆ, ನಿದ್ದೆ ಬರಲಿಲ್ಲವಂತೆ. ಬಿಳಿಯ ಅಂಗಿ, ಚಪ್ಪಲಿ, ಕೈಯಲ್ಲೊಂದು ಬಿಸ್ಕತ್ತಿನ ಪೊಟ್ಟಣ. ಎಲೆ ಹಂಚಿ ಕುಳಿತ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಈ ಸಲ ನಮ್ಮ ಮನೆಯಲ್ಲೂ ಹೋಯಿತು, ಸೀಲಿತ್ತಲ್ಲ. ಫ್ಯಾನು ನಿಂತಿತು. ಕಿಟಕಿಯಿಂದ ಬಿಸಿಗಾಳಿ ನುಗ್ಗಿತು. ಪರೀಕ್ಷಕರು ಮೊದಲು ಕಾಲರು ಸಡಿಲಿಸಿದರು. ಆಮೇಲೆ ಕೈಯಲ್ಲಿದ್ದ ಎಲೆಗಳಿಂದಲೇ ಗಾಳಿ ಬೀಸಿಕೊಂಡರು. ಅವರ ಎಲೆಗಳೆಲ್ಲ ಅತ್ತೆಗೆ ಕಂಡುಬಿಟ್ಟವು.

"ದಿನಾ ಹೀಗೇನಾ?" ಎಂದರು.

"ನೀವಿಲ್ಲದಾಗ ದಿನಾ ಹೀಗೇನೆ," ಎಂದೆ.

ಅವರು ಎಲೆಗಳನ್ನು ಕೆಳಗಿಟ್ಟರು. ಬೆವರು ಹುಬ್ಬಿನಿಂದ ಇಳಿದು ಎಲೆಯ ಮೇಲೆ ಬಿತ್ತು. ಕೊನೆಗೆ ಗೋಡೆಯತ್ತ ನೋಡಿ, ಮೆಲ್ಲಗೆ, "ಮೇಡಂ, ಆ ಬ್ಯಾಟರಿ ಸ್ವಲ್ಪ ಹಾಕೋದಕ್ಕಾಗಲ್ವಾ?" ಎಂದು ಕೇಳಿದರು.

"ಸೀಲ್ ಹಾಕಿದವನು ನೀನೇ ಅಲ್ವೇನಪ್ಪಾ? ನೀನೇ ತೆಗಿ," ಎಂದರು ಅತ್ತೆ.

ಅವರು ಎದ್ದು ಬ್ಯಾಟರಿಯ ಹತ್ತಿರ ಹೋದರು. ಸೀಲನ್ನು ಬೆರಳಿಂದ ಸವರಿದರು. ಆಮೇಲೆ ತಲೆ ತಗ್ಗಿಸಿ ವಾಪಸು ಬಂದು ಕುಳಿತರು.

"ಆಗಲ್ಲ ಅಮ್ಮಾ. ಇವತ್ತು ನನಗೆ ರಜೆ."

ಅತ್ತೆ ತಮ್ಮ ಬೀಸಣಿಗೆಯನ್ನು ಅವರ ಕೈಗೆ ಕೊಟ್ಟರು. ಅವರು ಮೊದಲು ಅತ್ತೆಗೆ ಬೀಸಿದರು, ಆಮೇಲೆ ತಮಗೆ. ಆ ಮಧ್ಯಾಹ್ನ ಆಟದಲ್ಲಿ ಅತ್ತೆ ಮೋಸ ಮಾಡಲಿಲ್ಲ. ನಮ್ಮ ಮನೆಯ ಇತಿಹಾಸದಲ್ಲಿ ಇದು ದಾಖಲಾಗಬೇಕಾದ ಸಂಗತಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಆದೇಶವನ್ನು ಹಿಂದಕ್ಕೆ ತೆಗೆದುಕೊಂಡು ಸೀಲು ಬಿಚ್ಚಿಸಿ. ಮೇನ್ ಸ್ವಿಚ್ಚು ಆರಿಸಿ ಪರೀಕ್ಷಿಸಲು ಪರೀಕ್ಷಕರಿಗೆ ಅಪ್ಪಣೆ ಕೊಡಿ; ಸಾಮಾನ್ಯ ಬುದ್ಧಿಯುಳ್ಳ ಮನುಷ್ಯನಿಗೆ ಸಾಮಾನ್ಯ ಬುದ್ಧಿ ಬಳಸುವ ಅಧಿಕಾರವನ್ನು ಲಿಖಿತವಾಗಿ ಕೊಡುವುದು ತಮ್ಮಿಂದ ಆಗದ ಕೆಲಸವೇನಲ್ಲ. ನನ್ನ ಮಾತಿನಲ್ಲಿ ನಂಬಿಕೆಯಿಲ್ಲವೆಂದರೆ ಒಂದು ಮಧ್ಯಾಹ್ನ ತಾವೇ ನಮ್ಮ ಮನೆಗೆ ದಯಮಾಡಿಸಿ. ಕಾರು ಗಿರಣಿಯ ಆಚೆಗೇ ನಿಲ್ಲಲಿ. ಬಿಲ್ಲೆ, ಕೋಟು, ಹಿಂದೆ ಮುಂದೆ ಬರುವ ಗುಮಾಸ್ತರು, ಯಾವುದೂ ಬೇಡ. ಮನೆಯಲ್ಲಿ ತೊಡುವ ಹಳೆಯ ಅಂಗಿ ತೊಟ್ಟು, ಹೆಂಡತಿಯ ಹೊರತು ಯಾರಿಗೂ ಹೇಳದೆ, ನಡೆದುಕೊಂಡು ಬನ್ನಿ. ಬಾಗಿಲು ತೆರೆದಿರುತ್ತದೆ. ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳಿ, ನೀರು ಕುಡಿಯಿರಿ. ಸುಮ್ಮನೆ ಕಾಯಿರಿ.

ಬರೇ ಮನುಷ್ಯರಾಗಿ ಬಂದರೆ ಕತ್ತಲು ತಮ್ಮನ್ನೂ ಕಾಯಿಸುವುದಿಲ್ಲ.

ಇಂತಿ,
ಊರಿಗೆಲ್ಲ ಹಲ್ಲು ಕಟ್ಟಿಕೊಟ್ಟು, ತನ್ನ ಹಲ್ಲು ಕಡಿಯುತ್ತಾ ಕುಳಿತಿರುವ,
ನಿರಂತರ ವಿದ್ಯುತ್ ವಲಯದ ಒಬ್ಬ ಗ್ರಾಹಕಿ